ಏಪ್ರಿಲ್‌ನಲ್ಲಿ ಲಂಡನ್ನಿಗೆ ಹೊರಟ ಹಿರಿಯರಿಗೆ: ಬ್ಯಾಗಿನಲ್ಲಿ ಏನಿರಲಿ, ಏನು ಬಿಡಲಿ



ಮಾರ್ಚ್ ಮುಗಿಯುತ್ತಿದ್ದಂತೆ ನಮ್ಮ ಸಮಾಜದ ಎಷ್ಟೋ ಮನೆಗಳಲ್ಲಿ ಸೂಟ್‌ಕೇಸ್ ಅಟ್ಟದಿಂದ ಕೆಳಗೆ ಇಳಿಯುತ್ತದೆ. ಮಗ ಲಂಡನ್ನಿನಲ್ಲಿ, ಮಗಳು ಲೆಸ್ಟರ್‌ನಲ್ಲಿ. ಅಲ್ಲಿ ಚಳಿಗಾಲ ಮುಗಿದು ವಸಂತ ಬರುವ ಹೊತ್ತಿಗೆ ತಂದೆ ತಾಯಿಯನ್ನು ಹದಿನೈದು ದಿನ, ಒಂದು ತಿಂಗಳು ಕರೆಸಿಕೊಳ್ಳುತ್ತಾರೆ. ನಾನು ಬಟ್ಟೆ ವ್ಯಾಪಾರಿ. ಜೊತೆಗೆ ಹಲವು ವರ್ಷಗಳಿಂದ ಸಮಾಜದ ಯಾತ್ರೆ, ಪ್ರವಾಸಗಳಲ್ಲಿ ಸ್ವಯಂಸೇವಕನಾಗಿ ಓಡಾಡುತ್ತಿದ್ದೇನೆ. ಹೀಗೆ ಹೊರಟವರು "ಅಣ್ಣಾ, ಏನೇನು ಒಯ್ಯಬೇಕು?" ಎಂದು ಕೇಳುತ್ತಲೇ ಇರುತ್ತಾರೆ. ಎಲ್ಲರಿಗೂ ಒಂದೇ ಸಲ ಉತ್ತರ ಆಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಹೇಳಿರುವುದು ಇಂಗ್ಲೆಂಡಿನ ಲೆಕ್ಕ. ಬೇರೆ ದೇಶಕ್ಕೆ ಹೋಗುವವರು ಆ ದೇಶದ ನಿಯಮವನ್ನು ಬೇರೆಯಾಗಿ ನೋಡಿಕೊಳ್ಳಬೇಕು.

ಮೊದಲು ಒಂದು ಮಾತು. ನಮ್ಮವರ ಬ್ಯಾಗು ಭಾರವಾಗುವುದು ಆಸೆಯಿಂದಲ್ಲ, ಹೆದರಿಕೆಯಿಂದ. ಅಲ್ಲಿ ನಮ್ಮ ಊಟ ಸಿಗುತ್ತದೋ ಇಲ್ಲವೋ, ಚಳಿ ತಡೆಯುತ್ತದೋ ಇಲ್ಲವೋ ಎಂಬ ಎರಡು ಹೆದರಿಕೆಗಳು. ಈ ಎರಡಕ್ಕೂ ಸರಿಯಾದ ಉತ್ತರ ಗೊತ್ತಾದರೆ ಗಂಡ ಹೆಂಡತಿ ಇಬ್ಬರಿಗೂ ಸೇರಿ ಒಂದೇ ಚೆಕ್-ಇನ್ ಬ್ಯಾಗ್, ತಲಾ ಒಂದು ಕೈಚೀಲ ಸಾಕಾಗುತ್ತದೆ. ಟಿಕೆಟ್ಟಿನಲ್ಲಿ 23 ಕಿಲೋದ ಎರಡು ಬ್ಯಾಗಿಗೆ ಅವಕಾಶ ಇದೆ ಎಂದ ಮಾತ್ರಕ್ಕೆ 46 ಕಿಲೋ ತುಂಬಲೇಬೇಕು ಎಂದೇನೂ ಇಲ್ಲ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಎಂದರೆ, ಅಲ್ಲಿ ಹಮಾಲರು ಇಲ್ಲ. ವಿಮಾನ ನಿಲ್ದಾಣದಲ್ಲಿ ತಳ್ಳುಗಾಡಿ ಸಿಗುತ್ತದೆ, ಅದು ಬಾಗಿಲಿನವರೆಗೆ ಮಾತ್ರ. ಲಂಡನ್ನಿನ ಸುರಂಗ ರೈಲಿನ ಎಷ್ಟೋ ನಿಲ್ದಾಣಗಳು ಬಹಳ ಹಳೆಯವು. ಲಿಫ್ಟ್ ಇಲ್ಲದೆ ಮೆಟ್ಟಿಲು ಹತ್ತಿಯೇ ಹೊರಗೆ ಬರಬೇಕಾದವು ಬೇಕಾದಷ್ಟಿವೆ. ಲೆಸ್ಟರ್‌ಗೆ ಹೋಗುವವರು ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಿಂದ ರೈಲು ಹಿಡಿಯುತ್ತಾರೆ. ರೈಲು ನಿಲ್ಲುವುದು ಕೆಲವೇ ನಿಮಿಷ. ಆಗ ಬ್ಯಾಗನ್ನು ನೀವೇ ಎತ್ತಿ ಮೇಲೆ ಇಡಬೇಕು. ಮನೆ ತಲುಪಿದ ಮೇಲೂ ಅಲ್ಲಿನ ಹೆಚ್ಚಿನ ಮನೆಗಳಲ್ಲಿ ಮಲಗುವ ಕೋಣೆ ಮೇಲಿನ ಮಹಡಿಯಲ್ಲಿ, ಮೆಟ್ಟಿಲು ಇಕ್ಕಟ್ಟು. ಮೊಣಕಾಲು ನೋವಿರುವ ಅರವತ್ತೈದು ವಯಸ್ಸಿನ ಅವ್ವನಿಗೆ 23 ಕಿಲೋ ಸೂಟ್‌ಕೇಸ್ ಏನು ಉಪಯೋಗ? ನನ್ನ ಅಳತೆ ಸರಳ: ನಿಮ್ಮ ಬ್ಯಾಗನ್ನು ಮನೆಯಲ್ಲಿ ಒಂದು ಮಹಡಿ ನೀವೇ ಎತ್ತಿಕೊಂಡು ಹತ್ತಿ ನೋಡಿ. ಏದುಸಿರು ಬಂದರೆ ಬಿಚ್ಚಿ ಕಡಿಮೆ ಮಾಡಿ.

ಖಾಲಿ ಬ್ಯಾಗಿನ ತೂಕವನ್ನೂ ಮರೆಯಬೇಡಿ. ಗಟ್ಟಿ ಕವಚದ ದೊಡ್ಡ ಟ್ರಾಲಿಗಳು ಖಾಲಿ ಇದ್ದಾಗಲೇ ನಾಲ್ಕು, ಐದು ಕಿಲೋ ತೂಗುತ್ತವೆ. ಮಧ್ಯಮ ಗಾತ್ರದ ಬಟ್ಟೆಯ ಟ್ರಾಲಿ ಮೂರು ಕಿಲೋದೊಳಗೆ ಸಿಗುತ್ತದೆ. ಕೊಕ್ಕೆಗೆ ನೇತು ಹಾಕಿ ತೂಗುವ ಚಿಕ್ಕ ತಕ್ಕಡಿ ಕೆಲವೇ ನೂರು ರೂಪಾಯಿಗೆ ಬರುತ್ತದೆ. ಒಂದು ಊರಿನ ಸಮಾಜಕ್ಕೆ ಒಂದು ಇದ್ದರೆ ಸಾಕು, ಹೋಗುವವರೆಲ್ಲ ಸರದಿಯಂತೆ ಬಳಸಬಹುದು.

ಬಟ್ಟೆಯ ಲೆಕ್ಕ

ಏಪ್ರಿಲ್‌ನಲ್ಲಿ ಲಂಡನ್ನಿನ ಹಗಲು ಸರಾಸರಿ 14–15 ಡಿಗ್ರಿ, ರಾತ್ರಿ 5–6 ಡಿಗ್ರಿ. ಲೆಸ್ಟರ್‌ನಲ್ಲಿ ಇನ್ನೂ ಸ್ವಲ್ಪ ತಣ್ಣಗಿರುತ್ತದೆ. ಒಂದೇ ದಿನದಲ್ಲಿ ಬಿಸಿಲು, ಗಾಳಿ, ತುಂತುರು ಮಳೆ ಎಲ್ಲವೂ ಬಂದು ಹೋಗುತ್ತವೆ. ಹಿಮಾಲಯಕ್ಕೆ ಹೊರಟವರಂತೆ ದಪ್ಪ ಕೋಟು ಒಯ್ಯುವುದು ಬೇಡ. ಮನೆಯೊಳಗೆ, ಬಸ್ಸಿನೊಳಗೆ ಹೀಟರ್ ಇರುತ್ತದೆ. ಆ ಕೋಟನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ದಿನ ಕಳೆಯಬೇಕಾಗುತ್ತದೆ. ತೆಳುವಾದ ಮೂರು ಪದರ ಬೇಕು: ಒಳಗೆ ಮೈಗೆ ಅಂಟುವ ಥರ್ಮಲ್, ಅದರ ಮೇಲೆ ದಿನದ ಉಡುಪು ಮತ್ತು ಒಂದು ಫ್ಲೀಸ್, ಎಲ್ಲದರ ಮೇಲೆ ಗಾಳಿ ಮಳೆ ತಡೆಯುವ ಟೊಪ್ಪಿಗೆ ಇರುವ ತೆಳು ಜಾಕೆಟ್. ಗಾಳಿಗೆ ಕೊಡೆ ಮಗುಚಿ ಬೀಳುತ್ತದೆ, ಟೊಪ್ಪಿಗೆಯೇ ವಾಸಿ.

ಇಲ್ಲಿ ನಮ್ಮವರು ಗಮನಿಸಬೇಕಾದ ಒಂದು ವಿಷಯವಿದೆ. ಪ್ರವಾಸದ ಬಗ್ಗೆ ಬರೆಯುವವರು ಹಗುರವಾಗಿ, ಬೆಚ್ಚಗೆ ಇರಲು ಎರಡು ವಸ್ತುಗಳನ್ನು ಸದಾ ಹೊಗಳುತ್ತಾರೆ. ಒಂದು ಡೌನ್ ಜಾಕೆಟ್, ಇನ್ನೊಂದು ಮೆರಿನೊ ಉಣ್ಣೆ. ಡೌನ್ ಎಂದರೆ ಬಾತುಕೋಳಿ, ಹೆಬ್ಬಾತುಗಳ ಎದೆಯ ಮೃದು ಗರಿ. ಅಂಗಡಿಯಲ್ಲಿ ಮುಟ್ಟಿ ನೋಡಿದರೆ ಹತ್ತಿಯಂತೆಯೇ ಇರುತ್ತದೆ, ಒಳಗೇನಿದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಳಗಿನ ಪಟ್ಟಿಯನ್ನು ಓದಿ. 'ಡೌನ್' ಅಥವಾ 'ಫೆದರ್' ಎಂದಿದ್ದರೆ ಬಿಡಿ. 'ಪಾಲಿಯೆಸ್ಟರ್ ಫಿಲ್' ಎಂದಿದ್ದರೆ ಅದು ಗರಿಯಲ್ಲ, ಕೃತಕ ನಾರು. ತುಸು ತೂಕ ಹೆಚ್ಚು, ಆದರೆ ಒದ್ದೆಯಾದರೂ ಬೆಚ್ಚಗಿರುತ್ತದೆ, ಬೇಗ ಒಣಗುತ್ತದೆ, ಬೆಲೆಯೂ ಕಡಿಮೆ. ಉಣ್ಣೆಯನ್ನು ನಮ್ಮಲ್ಲಿ ಕೆಲವರು ಬಳಸುತ್ತಾರೆ, ಕೆಲವರು ಬಿಟ್ಟಿದ್ದಾರೆ. ಬಿಟ್ಟವರಿಗೆ ಫ್ಲೀಸ್ ಇದೆ. ಅದು ಪಾಲಿಯೆಸ್ಟರ್ ಬಟ್ಟೆಯೇ. 200 ಜಿಎಸ್ಎಂ ಫ್ಲೀಸ್ ಏಪ್ರಿಲ್‌ಗೆ ಧಾರಾಳವಾಯಿತು. ಜಿಎಸ್ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂ ಲೆಕ್ಕದಲ್ಲಿ. ಈ ಒಂದು ಅಂಕಿ ಕೇಳುವುದನ್ನು ಕಲಿತರೆ ಯಾವ ಅಂಗಡಿಯವನೂ ನಿಮಗೆ ಭಾರದ ಬಟ್ಟೆಯನ್ನು ಹಗುರ ಎಂದು ಮಾರಲಾರ, ನನ್ನನ್ನೂ ಸೇರಿಸಿ.

ಜೀನ್ಸ್ ಬಟ್ಟೆ 350–400 ಜಿಎಸ್ಎಂವರೆಗೆ ಹೋಗುತ್ತದೆ. ಒಂದು ಪ್ಯಾಂಟಿಗೆ ಆರುನೂರು, ಏಳುನೂರು ಗ್ರಾಂ. ಒಗೆದರೆ ಎರಡು ದಿನ ಒಣಗುವುದಿಲ್ಲ. ಪಾಲಿ-ಕಾಟನ್ ಪ್ಯಾಂಟು ಅದರ ಅರ್ಧ ತೂಗುತ್ತದೆ, ರಾತ್ರಿ ಒಗೆದು ಹೀಟರ್ ಪಕ್ಕ ಹರಡಿದರೆ ಬೆಳಿಗ್ಗೆ ಉಡಬಹುದು. ಶುದ್ಧ ಹತ್ತಿ ನಮ್ಮ ಸೆಕೆಗೆ ಒಳ್ಳೆಯದು. ಅಲ್ಲಿನ ತಂಪಿನಲ್ಲಿ ನೀರು ಹಿಡಿದುಕೊಂಡು ಕೂರುತ್ತದೆ. ಸೀರೆ ಉಡುವ ಹೆಣ್ಣುಮಕ್ಕಳಿಗೆ ಜಾರ್ಜೆಟ್ ಅಥವಾ ಕ್ರೇಪ್ ಅನುಕೂಲ. ಒಂದು ಸೀರೆ 350 ಗ್ರಾಂ ಆಸುಪಾಸು, ಸುಕ್ಕು ಬೀಳುವುದಿಲ್ಲ, ಇಸ್ತ್ರಿ ಬೇಡ. ಭಾರಿ ಜರಿ ಸೀರೆ ಒಂದೇ ಮುಕ್ಕಾಲು ಕಿಲೋ ದಾಟುತ್ತದೆ. ರೇಷ್ಮೆ ತೊಡದವರಿಗೆ ಆ ಚಿಂತೆಯೂ ಇಲ್ಲ. ಸೀರೆಯ ಒಳಗೆ ಥರ್ಮಲ್ ಲೆಗ್ಗಿಂಗ್ಸ್ ಹಾಕಿಕೊಂಡರೆ ಕಾಲು ಬೆಚ್ಚಗಿರುತ್ತದೆ, ಹೊರಗೆ ಕಾಣಿಸುವುದೂ ಇಲ್ಲ.

ಎಷ್ಟು ಜೊತೆ? ಹದಿನೈದು ದಿನವಿರಲಿ, ಒಂದು ತಿಂಗಳಿರಲಿ, ನಾಲ್ಕು ಜೊತೆ. ಮಕ್ಕಳ ಮನೆಯಲ್ಲಿ ವಾಷಿಂಗ್ ಮಷಿನ್ ಇದ್ದೇ ಇರುತ್ತದೆ. ಥರ್ಮಲ್ ಎರಡು, ಫ್ಲೀಸ್ ಒಂದು, ಜಾಕೆಟ್ ಒಂದು, ಅಕ್ರಿಲಿಕ್ ಟೋಪಿ ಒಂದು, ಕಾಲುಚೀಲ ಐದು. ಬೂಟು ಒಂದೇ ಜೊತೆ, ಚರ್ಮದ್ದು ಬೇಡ, ಕಾಲಲ್ಲೇ ಇರಲಿ. ಬೆಲ್ಟು, ಪರ್ಸು ಕೂಡ ಚರ್ಮ ಬಿಟ್ಟು ಬೇರೆಯದಿರಲಿ. ಅಲ್ಲಿನ ಮಂದಿರದ ಬಾಗಿಲಲ್ಲಿ ಬಿಚ್ಚಿಡುವ ತಾಪತ್ರಯ ತಪ್ಪುತ್ತದೆ. ಜಾಕೆಟ್ ಮತ್ತು ಫ್ಲೀಸನ್ನು ವಿಮಾನ ಹತ್ತುವಾಗ ಮೈಮೇಲೆ ಹಾಕಿಕೊಳ್ಳಿ. ಮೈಮೇಲಿನ ಬಟ್ಟೆಯನ್ನು ಯಾರೂ ತೂಗುವುದಿಲ್ಲ, ವಿಮಾನದಲ್ಲಿ ಚಳಿಯೂ ಇರುತ್ತದೆ.

ಬುತ್ತಿ: ಎಷ್ಟು, ಯಾವುದು, ಎಲ್ಲಿ

ಕಳವಳ ಹೆಚ್ಚು ಇರುವುದು ಇಲ್ಲೇ. ಹತ್ತು ಕಿಲೋ ಹಿಟ್ಟು, ಬೇಳೆ, ತುಪ್ಪದ ಡಬ್ಬಿ, ಪೇಡಾದ ಪೆಟ್ಟಿಗೆ ತುಂಬಿಕೊಂಡು ಹೊರಟವರನ್ನು ನೋಡಿದ್ದೇನೆ.

ಕಾನೂನು ಮೊದಲು. ಭಾರತದಿಂದ ಹೋಗುವ ಪ್ರಯಾಣಿಕರು ಬ್ರಿಟನ್ನಿಗೆ ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಒಯ್ಯುವಂತಿಲ್ಲ. ಪ್ರಾಣಿಗಳ ರೋಗ ಹರಡದಿರಲಿ ಎಂದು ಮಾಡಿರುವ ನಿಯಮ ಇದು. ಯುರೋಪಿನ ಒಕ್ಕೂಟದ ದೇಶಗಳಲ್ಲೂ ಹೀಗೆಯೇ. ಅಂದರೆ ತುಪ್ಪ ಇಲ್ಲ, ಖೋವಾ ಇಲ್ಲ, ಧಾರವಾಡ ಪೇಡಾ ಇಲ್ಲ, ಬೆಳಗಾವಿ ಕುಂದಾ ಇಲ್ಲ. ಸಿಕ್ಕಿಬಿದ್ದರೆ ಕಿತ್ತುಕೊಂಡು ನಾಶ ಮಾಡುತ್ತಾರೆ. ಮೊಮ್ಮಗನಿಗೆಂದು ಒಯ್ದ ಪೇಡಾ ಕಸದ ಬುಟ್ಟಿಗೆ ಹೋಗುವುದನ್ನು ಅಜ್ಜಿ ನಿಂತು ನೋಡಬೇಕು. ತಾಜಾ ಹಣ್ಣು, ತರಕಾರಿ, ಸೊಪ್ಪಿಗೂ ಹೆಚ್ಚಿನವಕ್ಕೆ ಪ್ರಮಾಣಪತ್ರ ಕೇಳುತ್ತಾರೆ, ಆದ್ದರಿಂದ ಕರಿಬೇವಿನ ಕಟ್ಟನ್ನೂ ಬಿಡಿ. ಬೇರೆ ಸಿಹಿ ಬೇಕೆಂದರೆ ಎಣ್ಣೆಯಲ್ಲಿ ಮಾಡಿದ ಶೇಂಗಾ ಚಿಕ್ಕಿ, ಎಳ್ಳು ಬೆಲ್ಲದ ಉಂಡೆ ಒಯ್ಯಬಹುದು.

ಇನ್ನು ವಿಮಾನದ ಸುರಕ್ಷತೆಯ ನಿಯಮ. ಒಣ ಕೊಬ್ಬರಿ ಬಟ್ಟಲನ್ನು ಚೆಕ್-ಇನ್ ಬ್ಯಾಗಿನಲ್ಲಿ ಇಡುವಂತಿಲ್ಲ. ಅದರಲ್ಲಿ ಎಣ್ಣೆಯ ಅಂಶ ಹೆಚ್ಚು, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವ ಪದಾರ್ಥಗಳ ಪಟ್ಟಿಯಲ್ಲಿದೆ. ಕರ್ಪೂರ ಕೂಡ ಬೆಂಕಿ ಹಿಡಿಯುವ ವಸ್ತು, ಬೆಂಕಿಪೆಟ್ಟಿಗೆ ಸರಿಯೇ ಸರಿ. ಪೂಜೆಯ ಗಂಟಿನಲ್ಲಿ ಈ ಮೂರೂ ಜೊತೆಯಾಗಿಯೇ ಇರುತ್ತವೆ. ಸ್ಕ್ಯಾನರ್‌ನಲ್ಲಿ ಕಂಡಾಗ ಬ್ಯಾಗನ್ನು ಪಕ್ಕಕ್ಕೆ ಎಳೆದು ನಿಮ್ಮನ್ನು ಕರೆಸುತ್ತಾರೆ, ವಿಮಾನ ಹೊರಡುವ ಹೊತ್ತಿಗೆ ಗಾಬರಿ. ಮನೆಯಲ್ಲೇ ತೆಗೆದಿಡಿ.

ಹಾಗಾದರೆ ಏನು ಒಯ್ಯಬೇಕು? ಎರಡು ಮೂರು ದಿನಕ್ಕೆ ಸಾಕಾಗುವಷ್ಟು, ಒಬ್ಬರಿಗೆ ಸುಮಾರು ಒಂದೂವರೆ ಎರಡು ಕಿಲೋ, ಮತ್ತು ಅದೆಲ್ಲ ಕೈಚೀಲದಲ್ಲೇ. ಈ ಕೊನೆಯ ಮಾತು ಮುಖ್ಯ. ದುಬೈ, ದೋಹಾದಲ್ಲಿ ವಿಮಾನ ಬದಲಿಸುವಾಗ ಚೆಕ್-ಇನ್ ಬ್ಯಾಗು ಹಿಂದೆ ಉಳಿದು ಒಂದೆರಡು ದಿನ ತಡವಾಗಿ ಬರುವುದು ಅಪರೂಪವಲ್ಲ. ಬೇರೆಯವರಾದರೆ ಹೊರಗೆ ಏನಾದರೂ ತಿಂದುಕೊಂಡಾರು. ಕಂದಮೂಲ ಬಿಟ್ಟವರು, ಚೌವಿಹಾರ ಮಾಡುವವರು, ಏಕಾಸನದ ನಿಯಮ ಇರುವವರು ಏನು ಮಾಡಬೇಕು? ಬುತ್ತಿಯೂ ಮಾತ್ರೆಯೂ ದೊಡ್ಡ ಬ್ಯಾಗಿನಲ್ಲಿ ಸೇರಿಬಿಟ್ಟಿದ್ದರೆ ಸಕ್ಕರೆ ಕಾಯಿಲೆಯ ಹಿರಿಯರಿಗೆ ಜೀವಕ್ಕೇ ತೊಂದರೆ.

ಖಾಖ್ರಾ, ಜೋಳದ ಖಡಕ್ ರೊಟ್ಟಿ, ಒಗ್ಗರಣೆ ಹಾಕಿದ ಅವಲಕ್ಕಿ, ಹುರಿಗಡಲೆ, ಶೇಂಗಾ ಅಥವಾ ಅಗಸೆ ಚಟ್ನಿ ಪುಡಿ. ಎಲ್ಲವೂ ಹಗುರ, ಕೆಡುವುದಿಲ್ಲ. ಚಟ್ನಿ ಪುಡಿಗೆ ಕೊಬ್ಬರಿ ಹಾಕದೆ ಮಾಡಿ, ಪ್ರಶ್ನೆಯೇ ಬರುವುದಿಲ್ಲ. ಇನ್ನೊಂದು ಉಪಾಯವನ್ನು ನಮ್ಮ ಮನೆಯವರು ಮಾಡಿಕೊಡುತ್ತಾರೆ: ರವೆಯನ್ನು ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಇಂಗು, ಒಣಮೆಣಸಿನಕಾಯಿ ಹಾಕಿ ಚೆನ್ನಾಗಿ ಹುರಿದು, ಉಪ್ಪು ಬೆರೆಸಿ, ಒಂದೊಂದು ಹೊತ್ತಿನ ಲೆಕ್ಕಕ್ಕೆ 100 ಗ್ರಾಂ ಪೊಟ್ಟಣ ಕಟ್ಟುವುದು. ಡಬ್ಬಿಗೆ ಸುರಿದು ಕುದಿಯುವ ನೀರು ಹಾಕಿ ಹತ್ತು ನಿಮಿಷ ಮುಚ್ಚಿಟ್ಟರೆ ಉಪ್ಪಿಟ್ಟು. ಎಲೆಕ್ಟ್ರಿಕ್ ಕೆಟಲ್ ಇಲ್ಲದ ಮನೆಯಾಗಲಿ ಹೋಟೆಲ್ ಕೋಣೆಯಾಗಲಿ ಇಂಗ್ಲೆಂಡಿನಲ್ಲಿ ಸಿಗುವುದು ಕಷ್ಟ, ಆದ್ದರಿಂದ ಒಲೆ, ಕುಕ್ಕರ್ ಏನೂ ಒಯ್ಯಬೇಡಿ. ಚಪ್ಪಟೆಯಾದ ಒಂದು ಖಾಲಿ ಡಬ್ಬಿ ಇರಲಿ. ಉಪ್ಪಿನಕಾಯಿ ಕೈಚೀಲದಲ್ಲಿ ಬಿಡುವುದಿಲ್ಲ. ದ್ರವ, ಪೇಸ್ಟ್ ಯಾವುದೇ ಇದ್ದರೂ 100 ಮಿಲಿ ಲೀಟರ್ ಮೀರಬಾರದು ಎಂಬ ನಿಯಮವನ್ನು ಲೆಕ್ಕಕ್ಕೆ ಹಿಡಿದೇ ಹೊರಡುವುದು ಕ್ಷೇಮ.

ಮೂರು ದಿನದ ನಂತರ? ಲೆಸ್ಟರ್‌ನ ಬೆಲ್‌ಗ್ರೇವ್ ರಸ್ತೆ, ಲಂಡನ್ನಿನ ವೆಂಬ್ಲಿ, ಸೌತಾಲ್ ಕಡೆ ಹೋದರೆ ಅಕ್ಕಿ, ತೊಗರಿಬೇಳೆ, ಬೆಲ್ಲ, ಇಂಗು, ಹಿಟ್ಟು, ತುಪ್ಪ ಎಲ್ಲ ನಮ್ಮ ಪೇಟೆಯಂತೆಯೇ ಸಿಗುತ್ತದೆ. ಗುಜರಾತಿ ಜನ ಅಲ್ಲಿ ನೆಲೆಸಿ ಐವತ್ತು ವರ್ಷ ದಾಟಿದೆ. ಪೂರ್ವ ಆಫ್ರಿಕಾದಿಂದ, ಮುಖ್ಯವಾಗಿ 1972ರಲ್ಲಿ ಉಗಾಂಡಾದಿಂದ ಹೊರಹಾಕಲ್ಪಟ್ಟ ಮೇಲೆ ಬಂದವರು ಬಹಳ ಮಂದಿ. ಅವರಲ್ಲಿ ಜೈನರೂ ಇದ್ದಾರೆ. ಆದ್ದರಿಂದ ಬೆಳ್ಳುಳ್ಳಿ ಈರುಳ್ಳಿ ಇಲ್ಲದ 'ಜೈನ್' ತಿಂಡಿ ಎಂದರೆ ಅಂಗಡಿಯವರಿಗೆ ವಿವರಿಸುವ ಕಷ್ಟ ಇಲ್ಲ. ಎಲ್ಲರ ಸೂಪರ್ ಮಾರ್ಕೆಟ್ಟಿನಲ್ಲಿ ಮಾತ್ರ ಪಟ್ಟಿ ಓದಿಯೇ ಕೊಳ್ಳಬೇಕು. ಸಸ್ಯಾಹಾರಿ ಗುರುತು ಇದ್ದರೂ ಈರುಳ್ಳಿ ಪುಡಿ, ಬೆಳ್ಳುಳ್ಳಿ ಪುಡಿ ಇರುತ್ತದೆ. ಜೆಲಾಟಿನ್ ಪ್ರಾಣಿಗಳದ್ದು. ಇ120 ಎಂದರೆ ಕೀಟಗಳಿಂದ ತೆಗೆದ ಕೆಂಪು ಬಣ್ಣ.

ವಿಮಾನದಲ್ಲಿ ಊಟಕ್ಕೆ ಟಿಕೆಟ್ ಮಾಡಿಸುವಾಗಲೇ 'ವಿಜೆಎಂಎಲ್' ಎಂಬ ಸಂಕೇತ ಹಾಕಿಸಿ. ಅದೇ ಜೈನ ಊಟ. 'ಎವಿಎಂಎಲ್' ಎಂದರೆ ಭಾರತೀಯ ಸಸ್ಯಾಹಾರ, ಅದರಲ್ಲಿ ಆಲೂಗಡ್ಡೆ, ಈರುಳ್ಳಿ ಬರಬಹುದು. ಹೊರಡುವ ಎರಡು ದಿನ ಮೊದಲು ಫೋನ್ ಮಾಡಿ ಮತ್ತೆ ಖಚಿತ ಮಾಡಿಕೊಳ್ಳಿ, ಹೋಗುವಾಗಿನದು ಬರುವಾಗಿನದು ಎರಡಕ್ಕೂ. ಊಟ ಅವರ ಹೊತ್ತಿಗೆ ಬರುತ್ತದೆ, ನಮ್ಮ ಸೂರ್ಯಾಸ್ತ ನೋಡಿಕೊಂಡು ಬರುವುದಿಲ್ಲ. ಕೈಯಲ್ಲಿ ಖಾಖ್ರಾ ಇದ್ದವರು ಆಗ ನಿಶ್ಚಿಂತರು.

ಅಲ್ಲಿ ತಲುಪಿದ ಮೇಲೆ ಹಗಲು ಉದ್ದ ಎಂಬುದು ನಮ್ಮವರಿಗೆ ಅನುಕೂಲವೇ. ಮಾರ್ಚ್ ಕೊನೆಯ ಭಾನುವಾರ ಅವರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಅಂದಿನಿಂದ ನಮಗೂ ಅವರಿಗೂ ಅಂತರ ನಾಲ್ಕೂವರೆ ಗಂಟೆ. ಲಂಡನ್ನಿನಲ್ಲಿ ಏಪ್ರಿಲ್ ಮೊದಲ ವಾರ ಸೂರ್ಯಾಸ್ತ ಸುಮಾರು 7.30ಕ್ಕೆ, ತಿಂಗಳ ಕೊನೆಗೆ 8.20ರ ಹೊತ್ತಿಗೆ. ಮಕ್ಕಳು ಕೆಲಸದಿಂದ ಬಂದ ಮೇಲೂ ಎಲ್ಲರೂ ಕೂಡಿ ಹೊತ್ತು ಮುಳುಗುವ ಮೊದಲು ಉಣ್ಣಬಹುದು. ಡಿಸೆಂಬರಿನಲ್ಲಿ ಹೋದವರಿಗೆ ನಾಲ್ಕು ಗಂಟೆಗೇ ಕತ್ತಲು. ಸೋಸಿದ ನೀರಿನ ನಿಯಮ ಇರುವವರು ದಪ್ಪ ಹತ್ತಿಯ ಸೋಸುವ ಬಟ್ಟೆ ಎರಡು ಇಟ್ಟುಕೊಳ್ಳಿ. ಐವತ್ತು ಗ್ರಾಂ ತೂಕ, ಅದಕ್ಕೆ ಬದಲಿ ಅಲ್ಲಿ ಹುಡುಕಿದರೆ ಸಿಗದು.

ಮಂದಿರಕ್ಕೆ, ಮನೆದೇವರಿಗೆ

ಮಹಾವೀರ ಜಯಂತಿ, ಅಕ್ಷಯ ತದಿಗೆ ಈ ಅವಧಿಯಲ್ಲೇ ಬರುತ್ತವೆ. ಲೆಸ್ಟರ್‌ನ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ಹಳೆಯ ಚರ್ಚ್ ಕಟ್ಟಡವನ್ನು ಮಂದಿರವಾಗಿಸಿ 1988ರಲ್ಲಿ ಪ್ರತಿಷ್ಠೆ ಮಾಡಿದ ಜೈನ ಕೇಂದ್ರವಿದೆ. ಶ್ವೇತಾಂಬರ, ದಿಗಂಬರ ಎರಡೂ ಪರಂಪರೆಯವರಿಗೆ ಅಲ್ಲಿ ಜಾಗವಿದೆ. ಲಂಡನ್ನಿನ ಉತ್ತರಕ್ಕೆ ಪಾಟರ್ಸ್ ಬಾರ್ ಹತ್ತಿರ ಓಸ್ವಾಲ್ ಸಮಾಜದ ಮಂದಿರವಿದೆ. ಪೂಜೆ ಮಾಡುವವರು ಒಂದೇ ಜೊತೆ ತೆಳು ಪಂಚೆ, ಶಲ್ಯ ಮತ್ತು ಜಪಮಾಲೆ ಒಯ್ದರೆ ಸಾಕು. ಅರ್ಘ್ಯದ ತಟ್ಟೆ, ಕಲಶ, ಗಂಟೆ ಹೊತ್ತೊಯ್ಯುವುದು ವ್ಯರ್ಥ. ಪೂಜೆ ಪುಸ್ತಕವನ್ನು ಫೋನಿನಲ್ಲಿ ಹಾಕಿಸಿಕೊಳ್ಳಿ.

ಆದರೆ ಈ ಮೂರು ವಸ್ತುಗಳನ್ನು ಯಾವ ಕಾರಣಕ್ಕೂ ಬ್ಯಾಗಿಗೆ ಹಾಕಬೇಡಿ. ನವಿಲುಗರಿಯ ಪಿಂಛಿಯಾಗಲಿ ಬಿಡಿ ಗರಿಯಾಗಲಿ ಬೇಡ, ನವಿಲುಗರಿ ರಫ್ತಿಗೆ ನಮ್ಮ ದೇಶದಲ್ಲೇ ನಿಷೇಧವಿದೆ. ಮುತ್ತಜ್ಜನ ಕಾಲದ ಹಿತ್ತಾಳೆ, ಪಂಚಲೋಹದ ಜಿನಬಿಂಬವನ್ನು ಮಗನ ಹೊಸ ಮನೆಗೆಂದು ಒಯ್ಯುವ ಆಸೆ ಅನೇಕರಿಗೆ ಇರುತ್ತದೆ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ ಶಿಲ್ಪವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವುದು ಅಪರಾಧ, ಅದು ನಿಮ್ಮ ಮನೆಯದೇ ಆಗಿದ್ದರೂ ಸರಿ. ಮೂರನೆಯದು ತಾಳೆಗರಿ ಅಥವಾ ಕೈಬರಹದ ಗ್ರಂಥ. ಮಹತ್ವದ ಹಸ್ತಪ್ರತಿಗೆ ಎಪ್ಪತ್ತೈದು ವರ್ಷವಾದರೂ ಸಾಕು, ಅದೇ ಕಾಯ್ದೆ ಅನ್ವಯಿಸುತ್ತದೆ. ಭಕ್ತಿಯಿಂದ ಒಯ್ದವರು ಕಳ್ಳಸಾಗಣೆಯವರ ಸಾಲಿನಲ್ಲಿ ನಿಂತು ಉತ್ತರ ಹೇಳಬೇಕಾದೀತು. ಹೊಸ ಪ್ರತಿಮೆ ಒಯ್ಯುವುದಾದರೆ ಅಂಗಡಿಯ ಬಿಲ್ ಜೊತೆಗಿರಲಿ. ಚಿನ್ನ ಮೈಮೇಲೆ ಎಷ್ಟು ಕಡಿಮೆ ಇದ್ದರೆ ಅಷ್ಟು ನೆಮ್ಮದಿ. ಹೆಚ್ಚು ಇದ್ದರೆ ಹೊರಡುವಾಗಲೇ ಕಸ್ಟಮ್ಸ್‌ನಲ್ಲಿ ತೋರಿಸಿ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ನಿಮ್ಮದೇ ಬಳೆಗೆ ಮರಳುವಾಗ ಸುಂಕದ ಪ್ರಶ್ನೆ ಏಳುತ್ತದೆ.

ಕೈಚೀಲದಲ್ಲಿ ಇರಲೇಬೇಕಾದ್ದು

ಸಾಮಾನ್ಯವಾಗಿ ಕೈಚೀಲಕ್ಕೆ 7 ಕಿಲೋ ಮಿತಿ. ಬುತ್ತಿ ಎರಡು ಕಿಲೋ, ಒಂದು ಜೊತೆ ಬಟ್ಟೆ ಮತ್ತು ಥರ್ಮಲ್ ಒಂದು ಕಿಲೋ, ಪೂಜೆಯ ಬಟ್ಟೆ ಅರ್ಧ ಕಿಲೋ, ಮಾತ್ರೆ, ಕಾಗದ, ಚಾರ್ಜರ್ ಸೇರಿ ಒಂದೂವರೆ. ಚೀಲದ ತೂಕ ಒಂದು ಹಿಡಿದರೂ ಆರು ಕಿಲೋ. ಮಾತ್ರೆಗಳನ್ನು ಬಿಡಿಸಿ ಡಬ್ಬಿಗೆ ಹಾಕಬೇಡಿ. ಕಂಪನಿಯ ಪಟ್ಟಿಯಲ್ಲೇ ಇರಲಿ, ಡಾಕ್ಟರರ ಚೀಟಿ ಇಂಗ್ಲಿಷಿನಲ್ಲಿ ಜೊತೆಗಿರಲಿ. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಚೆಕ್-ಇನ್ ಬ್ಯಾಗಿನಲ್ಲಿ ಇಡಲೇಬಾರದು, ಅಲ್ಲಿ ಹೆಪ್ಪುಗಟ್ಟಿ ಕೆಡಬಹುದು. ಪವರ್ ಬ್ಯಾಂಕ್ ಕೂಡ ಕೈಚೀಲದಲ್ಲೇ. 10,000 ಎಂಎಎಚ್‌ನದು ಸಾಕು. ವಿದ್ಯುತ್ ಅಲ್ಲೂ 230 ವೋಲ್ಟ್, ನಮ್ಮ ಚಾರ್ಜರ್ ನಡೆಯುತ್ತದೆ. ಪ್ಲಗ್ಗಿನ ಕಡ್ಡಿ ಮಾತ್ರ ಚೌಕಾಕಾರ, ಅದಕ್ಕೊಂದು ಅಡಾಪ್ಟರ್ ಬೇಕು.

ಇನ್ನು ನೆಂಟರಿಷ್ಟರ ಪೊಟ್ಟಣ. "ನಮ್ಮ ಹುಡುಗನಿಗೆ ಒಂದು ಚಿಕ್ಕ ಡಬ್ಬಿ ಕೊಡ್ತೀರಾ ಕಾಕಾ?" ಎಂದು ಹೊರಡುವ ಹಿಂದಿನ ರಾತ್ರಿ ನಾಲ್ವರು ಬರುತ್ತಾರೆ. ಬ್ಯಾಗನ್ನು ನೀವೇ ತುಂಬಿದಿರಾ, ಬೇರೆಯವರು ಏನಾದರೂ ಕೊಟ್ಟರಾ ಎಂದು ವಿಮಾನ ನಿಲ್ದಾಣದಲ್ಲಿ ಕೇಳುತ್ತಾರೆ. ಒಳಗೇನಿದ್ದರೂ ಹೊಣೆ ನಿಮ್ಮದೇ. ಕಣ್ಣೆದುರು ಬಿಚ್ಚಿ ತೋರಿಸಿದ ಹೊರತು ಒಪ್ಪಬೇಡಿ. ತುಪ್ಪ, ಪೇಡಾ ಇದ್ದರೆ ಬಿಚ್ಚಿದ ಮೇಲೂ ಒಪ್ಪಬೇಡಿ. ಬೇಸರ ಮಾಡಿಕೊಂಡರೆ ಈ ಲೇಖನ ಓದಲು ಹೇಳಿ, ಬೈಗುಳ ನನಗೆ ಬರಲಿ.

ಅಲ್ಲಿಂದ ಪ್ಯಾರಿಸ್, ಸ್ವಿಟ್ಜರ್ಲೆಂಡ್ ನೋಡಲು ಮಕ್ಕಳು ಕಡಿಮೆ ದರದ ವಿಮಾನದ ಟಿಕೆಟ್ ತೆಗೆದಿದ್ದರೆ ಒಂದು ಎಚ್ಚರಿಕೆ. ಆ ವಿಮಾನಗಳಲ್ಲಿ ಸೀಟಿನ ಕೆಳಗೆ ಹಿಡಿಸುವ ಚಿಕ್ಕ ಚೀಲಕ್ಕೆ ಮಾತ್ರ ಹಣವಿಲ್ಲ. ದ್ವಾರದಲ್ಲಿ ಅಳತೆ ಮೀರಿದ್ದು ಕಂಡರೆ ಟಿಕೆಟ್ಟಿಗಿಂತ ಹೆಚ್ಚು ಶುಲ್ಕ ಬೀಳುವುದೂ ಉಂಟು. ಮಡಚಿದರೆ ಅಂಗೈಯಲ್ಲಿ ಹಿಡಿಸುವ ಬೆನ್ನುಚೀಲ ಸಿಗುತ್ತದೆ, ಅದೊಂದು ಟ್ರಾಲಿಯ ತಳದಲ್ಲಿ ಇಟ್ಟಿರಿ. ಎರಡು ದಿನದ ಬಟ್ಟೆ, ಖಾಖ್ರಾದ ಡಬ್ಬಿ, ಮಾತ್ರೆ ಅದರಲ್ಲಿ ಹಿಡಿಸುತ್ತವೆ. ಊರಿಗೆ ಮರಳುವಾಗ ಮೊಮ್ಮಕ್ಕಳು ಕೊಟ್ಟದ್ದನ್ನು ತರಲೂ ಅದೇ ಚೀಲ ಆಗುತ್ತದೆ.